ಗಾಜಿನ ನೂಲು

ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಅಕ್ಷಯಾಳ ಕಂಪ್ಯೂಟರಿನಲ್ಲಿ ಡಾಕ್ಟರ ಮುಖ ಬಾಯಿ ತೆರೆದ ಹಾಗೆಯೇ ನಿಂತುಹೋಯಿತು.

ಅಕ್ಷಯಾಳದು ದುಭಾಷಿಯ ಕೆಲಸ. ಬೇರೆ ರಾಜ್ಯದ ಆಸ್ಪತ್ರೆಗಳಿಗೆ ಹೋದ, ಕನ್ನಡ ಬಿಟ್ಟು ಬೇರೆ ಮಾತು ಬಾರದ ರೋಗಿಗಳಿಗೆ ಅವಳು ಚಾಮರಾಜಪೇಟೆಯ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಡಾಕ್ಟರ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದಳು. ಆ ದಿನ ಚೆನ್ನೈನ ಆಸ್ಪತ್ರೆಯೊಂದರಲ್ಲಿ ಕುಳಿತಿದ್ದ ದಾವಣಗೆರೆ ಕಡೆಯ ಹೆಂಗಸು, “ಗಂಟು ತೆಗೆದ್ರೆ ಮತ್ತೆ ಬರಲ್ಲ ಅಲ್ಲೇನ್ರೀ?” ಎಂದು ಕೇಳಿದ್ದಳು. ಅಕ್ಷಯಾ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದಳು. ಡಾಕ್ಟರು ಉತ್ತರಕ್ಕೆಂದು ಬಾಯಿ ತೆರೆದದ್ದೇ ಕೊನೆ. ಆಮೇಲೆ ಪರದೆಯ ಮೇಲೆ ಒಂದು ಸಣ್ಣ ಚಕ್ರ ಸುತ್ತತೊಡಗಿತು.

ಅವಳು ಕುರ್ಚಿ ತಳ್ಳಿ ಎದ್ದು ಅಡುಗೆಮನೆ, ದೇವರ ಮನೆ ದಾಟಿ ನಡುಮನೆಗೆ ಓಡಿದಳು. ಗೋಡೆಯ ಮೇಲಿನ ಇಂಟರ್ನೆಟ್ಟಿನ ಫೈಬರ್ ಡಬ್ಬಿಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಪ್ರತಿ ಸೋಮವಾರದಂತೆ ಮನೆಯ ಧೂಳು ಹೊಡೆದು, ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಪೂಜೆಗೆ ಹೊರಟಿದ್ದ ಮಾವ ವೃಷಭೇಂದ್ರಪ್ಪನವರು ಬಾಗಿಲಲ್ಲೇ ನಿಂತರು.

“ಏನಾಯ್ತಮ್ಮಾ?”

“ಮತ್ತೆ ಹೋಯ್ತು ಮಾವ. ಆಯಮ್ಮ ಕೇಳಿದ್ದಕ್ಕೆ ಡಾಕ್ಟ್ರು ಏನಂದ್ರೋ ನಂಗೂ ಗೊತ್ತಾಗ್ಲಿಲ್ಲ, ಅವಳಿಗೂ ಗೊತ್ತಾಗ್ಲಿಲ್ಲ.”

“ಬೇರೆ ಯಾರಾದ್ರೂ ಹೇಳ್ತಾರೆ ಬಿಡು.”

“ಯಾರು ಹೇಳ್ತಾರೆ? ಹೇಳೋಕೆ ಅಂತಾನೇ ಅಲ್ವಾ ನಾನಿರೋದು?”

ಮಧ್ಯಾಹ್ನ ಕಂಪನಿಯಿಂದ ಮೇಲ್ ಬಂತು. ಇನ್ನು ಮೂರು ಸಲ ಕರೆ ಕಡಿದುಹೋದರೆ ನಿಮ್ಮ ಹೆಸರನ್ನು ತೆಗೆಯುತ್ತೇವೆ. ವೈಫೈ ನಡೆಯುವುದಿಲ್ಲ, ಕಂಪ್ಯೂಟರಿಗೆ ನೇರವಾಗಿ ವೈರ್ ಹಾಕಿಸಿಕೊಳ್ಳಿ. ಸರಿಯಾಗಿ ಮೂರು ವಾರ ಬಿಟ್ಟು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆಯ ಕರೆ ಇರುತ್ತದೆ. ಕೊನೆಯ ಸಾಲಿನಲ್ಲಿ ‘ಶುಭ ದಿನ’ ಎಂದು ಬೇರೆ ಹಾರೈಸಿದ್ದರು.

ಮಗಳು ಸಾನ್ವಿ ಹುಟ್ಟಿದಾಗ ಬಿಟ್ಟ ಕೆಲಸದ ನಂತರ ಅಕ್ಷಯಾಳಿಗೆ ಸಿಕ್ಕ ಮೊದಲ ಕೆಲಸ ಇದು. ನಡುವೆ ಹನ್ನೊಂದು ವರ್ಷ. ಆ ಹನ್ನೊಂದು ವರ್ಷದಲ್ಲಿ ಯಾವ ಮದುವೆಮನೆಗೆ ಹೋದರೂ “ನೀವು ಮನೇಲೇ ಇದೀರಾ?” ಎಂದು ಕೇಳುವವರು ಒಬ್ಬರಾದರೂ ಇರುತ್ತಿದ್ದರು. ಮನೆಯಲ್ಲಿರುವುದೇನು ಮಂಚದ ಮೇಲೆ ಕಾಲು ಚಾಚಿಕೊಂಡಿರುವುದೇ? ಆದರೂ ಆ ಪ್ರಶ್ನೆ ಅವಳಿಗೆ ಚುಚ್ಚುತ್ತಿತ್ತು. ಈಗ ಈ ಕೆಲಸವೂ ಹೋದರೆ ಮತ್ತೆ ಅದೇ ಪ್ರಶ್ನೆಗೆ ಹಲ್ಲು ಕಿರಿಯಬೇಕು ಎಂದು ಅವಳಿಗೆ ನಿಜವಾಗಿಯೂ ಭಯವಾಯಿತು.

ರಾತ್ರಿ ಊಟಕ್ಕೆ ಚಪಾತಿ, ಹುರುಳಿಕಾಯಿ ಪಲ್ಯ. ಗಂಡ ಪ್ರಭುದೇವ ಮೇಲ್ ಓದಿ ಫೋನನ್ನು ತಟ್ಟೆಯ ಪಕ್ಕಕ್ಕಿಟ್ಟ. ಅವನು ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತ. ಯಾವ ಕಾಗದ ಬಂದರೂ ಮೊದಲು ಅದಕ್ಕೊಂದು ಸುಲಭದ ದಾರಿ ಹುಡುಕುವವನು.

“ರೂಟರ್ ಹಳೇದಾಗಿದೆ ಅಷ್ಟೆ. ನಾಲ್ಕು ಆಂಟೆನಾ ಇರೋದು ತರ್ತೀನಿ.”

“ವೈರ್ ಅಂತ ಬರ್ದಿದಾರಲ್ರೀ.”

“ಬರೀತಾರೆ. ಸಿಗ್ನಲ್ ಚೆನ್ನಾಗಿದ್ರೆ ಯಾರು ಕೇಳ್ತಾರೆ?”

“ನಾಲ್ಕು ಕೊಂಬು ಬಂದ್ರೆ ಹಸು ಜಾಸ್ತಿ ಹಾಲು ಕೊಡುತ್ತೇನೋ?” ಎಂದರು ವೃಷಭೇಂದ್ರಪ್ಪ. ಸಾನ್ವಿ ನಕ್ಕು ಪಲ್ಯ ನೆತ್ತಿಗೆ ಹತ್ತಿಸಿಕೊಂಡಳು. ಅಜ್ಜಿ ಮಹಾನಂದ ಅವಳ ತಲೆ ತಟ್ಟುತ್ತ, “ಊಟದ ಹೊತ್ತಲ್ಲಿ ಸುಮ್ನಿರ್ರೀ” ಎಂದರು.

ಶನಿವಾರ ಗಂಡಹೆಂಡತಿ ರೂಟರ್ ತರಲು ಎಸ್.ಪಿ. ರೋಡಿನ ಅಂಗಡಿಯೊಂದಕ್ಕೆ ಹೋದರು. ಅಂಗಡಿಯವನು ರೂಟರ್ ತೋರಿಸುವ ಮೊದಲೇ ಕೇಳಿದ: “ಮನೆ ಯಾವ ಕಾಲದ್ದು ಸಾರ್?”

“ತಾತ ಕಟ್ಸಿದ್ದು.”

“ಗೋಡೆ?”

“ಒಂದೂವರೆ ಅಡಿ ಇರ್ಬೋದು.”

“ಹಂಗಾದ್ರೆ ಎಂಟು ಆಂಟೆನಾ ಇದ್ರೂ ಅಷ್ಟೆ. ಅಂಥಾ ಮೂರು ಗೋಡೆ ದಾಟಿ ಸಿಗ್ನಲ್ ಏನ್ ಹೋಗುತ್ತೆ? ಸಾಧಾರಣ ರೂಟರ್ ಸಾಕು. ಒಳ್ಳೆ ತಾಮ್ರದ ಲ್ಯಾನ್ ವೈರ್ ತಗೊಳ್ಳಿ, ಹಿಂದಿನ ರೂಮ್‌ವರೆಗೂ ಎಳೀರಿ. ತಾಮ್ರದ್ದೇ ಕೇಳಿ ತಗೊಳ್ಳಿ, ಅಲ್ಯೂಮಿನಿಯಂಗೆ ತಾಮ್ರ ಬಳ್ದಿರೋದೂ ಬರುತ್ತೆ.”

ತನ್ನ ಅಂಗಡಿಯ ದುಬಾರಿ ಮಾಲು ಬೇಡವೆನ್ನುವ ವ್ಯಾಪಾರಿ ಸಿಕ್ಕುವುದೇ ಅಪರೂಪ. ಅಂಥವನ ಮಾತನ್ನೂ ಪ್ರಭುದೇವ ಕೇಳಲಿಲ್ಲ. ವೈರ್ ಎಂದರೆ ಗೋಡೆ ಕೊರೆಯಬೇಕು, ಗೋಡೆ ಎಂದರೆ ಅಪ್ಪನ ಹತ್ತಿರ ಮಾತಾಡಬೇಕು. ಅದಕ್ಕಿಂತ ನಾಲ್ಕು ಸಾವಿರ ಕೊಟ್ಟು ನಾಲ್ಕು ಕೊಂಬಿನದನ್ನು ತರುವುದೇ ಅವನಿಗೆ ಅಗ್ಗವಾಗಿ ಕಂಡಿತು.

ಹೊಸ ರೂಟರ್ ಬಂದ ಮೇಲೆ ನಡುಮನೆಯ ಟಿವಿ ಸೊಗಸಾಗಿ ಓಡಿತು. ಹಿಂದಿನ ಕೋಣೆಯಲ್ಲಿ ಸಿಗ್ನಲ್ ಮೊದಲಿನ ಹಾಗೆಯೇ ಒಂದು ಗೆರೆ, ಎರಡು ಗೆರೆ. ಸೋಮವಾರ ಹತ್ತು ಗಂಟೆಗೆ ಮತ್ತೆ ಕೆಂಪು ದೀಪ ಬಂತು, ಕರೆ ಕಡಿಯಿತು.

“ಒಂದು ಹೋಯ್ತು, ಇನ್ನೆರಡಿದೆ” ಎಂದು ಅಕ್ಷಯಾ ಗಂಡನಿಗೆ ಫೋನ್ ಮಾಡಿ ಹೇಳಿದಳು. “ನಿಮ್ಮ ಕೈಲಿ ಆಗದಿದ್ರೆ ಹೇಳಿ, ಮಾವನ ಹತ್ರ ನಾನೇ ಮಾತಾಡ್ತೀನಿ.”

ಫೈಬರ್ ಕಂಪನಿಯ ಅನಿಲ್ ಕುಮಾರ್ ಗುರುವಾರ ಬಂದು ನೋಡಿದ. ಅಂದು ದೀಪ ಹಸಿರಾಗಿಯೇ ಇತ್ತು. “ಲೈನ್ ಚೆನ್ನಾಗಿದೆ ಮೇಡಂ” ಎಂದು ಡಬ್ಬಿ ಆರಿಸಿ ಹಚ್ಚಿದ. ಲ್ಯಾನ್ ವೈರ್ ಎಳೆಯುವ ಕೆಲಸವನ್ನು ತಾನೇ ಮಾಡಿಕೊಡುವುದಾಗಿ ಹೇಳಿ ಮನೆಯನ್ನು ಹಿಂದುಮುಂದಾಗಿ ಎರಡು ಸಲ ನಡೆದ. ಮನೆ ರೈಲು ಡಬ್ಬಿಯ ಹಾಗೆ ಒಂದೇ ಸಾಲಿನಲ್ಲಿದೆ. ಮುಂದೆ ನಡುಮನೆ, ಆಮೇಲೆ ದೇವರ ಮನೆ, ಅಡುಗೆಮನೆ, ಕೊನೆಗೆ ಹಿಂದಿನ ಕೋಣೆ.

“ಈ ದೇವರ ಮನೆ ಗೋಡೆಗೊಂದು ತೂತು ಹಾಕ್ಬಿಟ್ರೆ ನೆಟ್ಟಗೆ ಹೋಗ್ಬಿಡುತ್ತೆ.”

“ಆ ಗೋಡೆ ಮುಟ್ಟಂಗಿಲ್ಲ” ಎಂದರು ವೃಷಭೇಂದ್ರಪ್ಪ.

“ಒಂದು ಬೆರಳು ತೂರೋಷ್ಟು ಯಜಮಾನ್ರೇ.”

“ಬೆರಳೋ ಉಗುರೋ, ಮುಟ್ಟಂಗಿಲ್ಲ ಅಂದೆ. ನಮ್ಮಪ್ಪ, ನಾನು ಇಬ್ಬರೂ ಅಲ್ಲಿ ಕೂತು ಲಿಂಗಪೂಜೆ ಮಾಡಿದೀವಿ. ಅಲ್ಲಿ ನಿಮ್ಮ ಡ್ರಿಲ್ಲು ಗಿಲ್ಲು ಬೇಡ.”

“ಹಂಗಾದ್ರೆ ನಾನು ನಡುಮನೇಲಿ ಕೂತ್ಕೋತೀನಿ ಮಾವ” ಎಂದಳು ಅಕ್ಷಯಾ. “ರೋಗಿ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು ಅಂತ ರೂಲ್ಸ್ ಇದೆ. ಬೆಳಿಗ್ಗೆ ಒಂಬತ್ತರಿಂದ ನಾಲ್ಕೂವರೆವರೆಗೂ ಬಾಗಿಲು ಹಾಕ್ಕೋತೀನಿ. ನೀವು ಟಿವಿ ಹಾಕಂಗಿಲ್ಲ, ಯಾರೂ ಬರಂಗಿಲ್ಲ.”

“ಮನೆ ನಿಂದಾ, ನಂದಾ?”

ಮಾತು ಅಲ್ಲಿಗೆ ಬಂದು ನಿಂತಿತು. ಅನಿಲ್ ಕುಮಾರ್ ತನ್ನ ಚೀಲದ ಜಿಪ್ಪನ್ನು ತೆಗೆದು ಹಾಕಿ ಮಾಡುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸ್ಥಿತಿ. ಆಗ ಸೊಪ್ಪು ಬಿಡಿಸುತ್ತಿದ್ದ ಮಹಾನಂದ ತಲೆಯೆತ್ತದೆ ಹೇಳಿದರು: “ಪಕ್ಕದ ಓಣೀಲಿ ನಾನು ಬಟ್ಟೆ ಒಣಗಿಸೋ ಹಗ್ಗ ಇಲ್ವೇ? ಅದು ನಡುಮನೆ ಕಿಟಕಿಯಿಂದ ಹಿಂದಿನ ರೂಮಿನ ಗವಾಕ್ಷಿವರೆಗೂ ಹೋಗಿದೆ. ನಿಮ್ಮ ವೈರೂ ಅದರ ಪಕ್ಕದಲ್ಲೇ ಹೋಗ್ಲಿ. ಗೋಡೆ ಯಾಕೆ ಕೊರೀಬೇಕು?”

ಯಾರಿಗೂ ಹೊಳೆಯದ್ದು ಇಷ್ಟು ಸಲೀಸಾಗಿತ್ತೇ ಎಂದು ಎಲ್ಲರಿಗೂ ಕೊಂಚ ನಾಚಿಕೆಯಾಯಿತು.

ಭಾನುವಾರ ವೈರ್ ಎಳೆದರು. ಎಳೆದದ್ದು ಅನಿಲ್ ಕುಮಾರನಾದರೂ ಕಟ್ಟಿದ್ದು ವೃಷಭೇಂದ್ರಪ್ಪನವರೇ. ಎರಡು ವರ್ಷದ ಹಿಂದಿನವರೆಗೂ ಪೇಟೆಯಲ್ಲಿ ಅವರದು ಹಗ್ಗ–ಹುರಿಯ ಸಗಟು ಅಂಗಡಿ. ಐವತ್ತು ವರ್ಷ ಗೋಣಿದಾರ, ಸೆಣಬಿನ ಹುರಿ, ನೂಲಿನ ಲಡಿ ಸುತ್ತಿದ ಕೈ. ಮೊಳಕ್ಕೊಂದರಂತೆ ಗಂಟು ಹಾಕುತ್ತ ಓಣಿಯುದ್ದಕ್ಕೂ ವೈರನ್ನು ಗೆರೆ ಎಳೆದಂತೆ ಕೂರಿಸಿದರು. ಪಕ್ಕದ ಮನೆಯವರು ಕಿಟಕಿಯಿಂದ ನೋಡಿ ಮೆಚ್ಚಿದಾಗ, “ಸಡಿಲ ಬಿಟ್ಟ ಹಗ್ಗ ಅಂದ್ರೆ ನಂಗಾಗಲ್ಲ” ಎಂದು ಕೈ ಒರೆಸಿಕೊಂಡರು. ಅಂದು ಮಾವಸೊಸೆ ಒಟ್ಟಿಗೆ ಕಾಫಿ ಕುಡಿದರು.

ಮರುದಿನ ಸೋಮವಾರ. ಹತ್ತೂ ಐದಕ್ಕೆ ಮತ್ತೆ ಕೆಂಪು ದೀಪ.

ಅಕ್ಷಯಾ ಕುರ್ಚಿ ತಳ್ಳಿ ಹೊರಗೆ ಬಂದಳು. ರೂಟರ್ ಹೊಸದು, ವೈರ್ ಹೊಸದು, ಇನ್ನೇನು ಬದಲಿಸುವುದು? ಅಡುಗೆಮನೆಯಲ್ಲಿ ಮಹಾನಂದ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದರು.

“ಅತ್ತೆ, ಮಿಕ್ಸಿ ಹಾಕೋವಾಗ ಆ ಕಡೆ ಸ್ವಿಚ್ ಆರ್ಸಿದ್ರಾ?”

“ಯಾವ ಸ್ವಿಚ್ಚು?”

“ನಡುಮನೇದು. ಕರೆಂಟ್ ಉಳಿಸೋಕೆ ಎಲ್ಲಾ ಆರಿಸ್ತಾನೇ ಇರ್ತೀರಲ್ಲ.”

“ನಾನು ಆ ಕಡೆ ಹೋಗೇ ಇಲ್ವಲ್ಲೇ.”

“ಮತ್ಯಾರು ಆರಿಸ್ತಾರೆ? ನಾನು ದುಡಿಯೋದು ನಿಮಗೆ ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳ್ಬಿಡಿ, ಹೀಗೆ ಮಾಡ್ಬೇಡಿ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಹಾನಂದ ಮಿಕ್ಸಿಯ ಜಾರನ್ನು ಹಾಗೆಯೇ ಬಿಟ್ಟು ಹಿತ್ತಲಿಗೆ ಹೋದರು. ಅಂದು ಇಡ್ಲಿಗೆ ಚಟ್ನಿ ಇರಲಿಲ್ಲ. ರಾತ್ರಿ ಅವರು ಎಲ್ಲರಿಗೂ ಬಡಿಸಿ, ತಾವು ಆಮೇಲೆ ಒಬ್ಬರೇ ಉಂಡರು. ಮಂಗಳವಾರವೂ ಹಾಗೆಯೇ. ಸೊಸೆಗೆ ಏನಾದರೂ ಹೇಳಬೇಕಾದರೆ, “ಸಾನ್ವಿ, ನಿಮ್ಮಮ್ಮಂಗೆ ಹಾಲು ಬಂತು ಅಂತ ಹೇಳು” ಎನ್ನುತ್ತಿದ್ದರು. ಅಕ್ಷಯಾ ಎದುರಿಗೇ ನಿಂತಿರುತ್ತಿದ್ದಳು.

ಇನ್ನೊಂದು ಸಲ ಕರೆ ಕಡಿದರೆ ಮುಗಿಯಿತು. ಮಂಗಳವಾರ ಕೆಲಸ ಮುಗಿದ ಮೇಲೆ ಅಕ್ಷಯಾ ಹಳೆಯ ಮೇಲ್‌ಗಳನ್ನೆಲ್ಲ ತೆಗೆದು, ಕರೆ ಕಡಿದ ತಾರೀಖುಗಳನ್ನು ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದಳು. ಆರು ಗುರುತು. ಆರೂ ಸೋಮವಾರದ ಸಾಲಿನಲ್ಲಿದ್ದವು.

“ರೀ, ಬೇರೆ ದಿನ ಹೋಗೇ ಇಲ್ಲ, ನೋಡಿ” ಎಂದು ಗಂಡನಿಗೆ ತೋರಿಸಿದಳು.

“ಸೋಮವಾರ ಎಲ್ಲರೂ ಆಫೀಸ್ ಕೆಲಸ ಶುರು ಮಾಡ್ತಾರೆ. ಲೈನ್ ಮೇಲೆ ಭಾರ ಬೀಳುತ್ತೇನೋ.”

ಬುಧವಾರ ಅನಿಲ್ ಕುಮಾರ್ ಮತ್ತೆ ಬಂದಾಗ ಅವಳು ಅದನ್ನೇ ಕೇಳಿದಳು. ಅವನು ತಲೆಯಾಡಿಸಿದ. “ಭಾರ ಬಿದ್ರೆ ಸ್ಲೋ ಆಗುತ್ತೆ ಮೇಡಂ, ಕೆಂಪು ದೀಪ ಬರಲ್ಲ. ಕೆಂಪು ಬಂತು ಅಂದ್ರೆ ಬೆಳಕೇ ಬರ್ತಿಲ್ಲ ಅಂತ. ಹೊರಗಿಂದ ಬರೋ ಹಳದಿ ವೈರ್ ಎಲ್ಲಿ ಸುತ್ತಿಟ್ಟಿದ್ದೆ ನಾನು? ಒಂದು ನಾಲ್ಕು ಮೀಟರ್ ಜಾಸ್ತಿ ಬಿಟ್ಟಿದ್ನಲ್ಲ.”

ಡಬ್ಬಿಯ ಕೆಳಗೆ ನೇತುಹಾಕಿದ್ದ ಕ್ಯಾಲೆಂಡರನ್ನು ಅವನು ಪಕ್ಕಕ್ಕೆ ಸರಿಸಿದ. ಹಿಂದೆ ಒಂದು ಮೊಳೆ. ಮೊಳೆಯಲ್ಲಿ ಹಳದಿ ವೈರಿನ ಲಡಿ. ಗೇಣುದ್ದಕ್ಕೆ ಮಡಚಿ, ನಡುವೆ ಸೆಣಬಿನ ಹುರಿ ಬಿಗಿದು, ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿದ ಗಂಟು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಾಗೆ ಅಚ್ಚುಕಟ್ಟಾಗಿತ್ತು.

“ಅಯ್ಯೋ! ಇದನ್ನ ಯಾರು ಹಿಂಗೆ ಕಟ್ಟಿದ್ದು?”

ಅಕ್ಷಯಾ ಮಾವನ ಕಡೆ ತಿರುಗಿದಳು. ಆ ಗಂಟು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಳೆಯ ಪೇಪರಿನ ಕಟ್ಟು, ಕರಿಬೇವಿನ ಸೊಪ್ಪಿನ ಕಂತೆ, ಸಾನ್ವಿಯ ಹಳೆ ಪುಸ್ತಕಗಳು, ಎಲ್ಲದರ ಮೇಲೂ ಅದೇ ಗಂಟು.

ಕುರ್ಚಿಯಲ್ಲಿ ಕುಳಿತಿದ್ದ ವೃಷಭೇಂದ್ರಪ್ಪ ಎದ್ದು ನಿಂತರು. “ನಾನು ಕಟ್ಟಿದ್ದು. ಅಸ್ತವ್ಯಸ್ತವಾಗಿ ನೇತಾಡ್ತಿತ್ತು. ಸೋಮವಾರ ಸೋಮವಾರ ಬಿಚ್ಚಿ, ಧೂಳು ಒರೆಸಿ, ಮತ್ತೆ ಬಿಗಿ ಮಾಡಿ ಕಟ್ತೀನಿ. ಯಾಕೆ, ಕಟ್ಟಬಾರದಾ?”

“ಇದು ದಾರ ಅಲ್ಲ ಯಜಮಾನ್ರೇ, ಒಳಗಿರೋದು ಗಾಜು. ಕೂದಲಷ್ಟು ಸಣ್ಣ ಗಾಜಿನ ನೂಲು. ಅದರಲ್ಲಿ ಬೆಳಕು ಓಡುತ್ತೆ. ಹಿಂಗೆ ಮಡಚಿದ್ರೆ ಬೆಳಕು ತಿರುವಿನಲ್ಲೇ ಹೊರಗೆ ಹೋಗ್ಬಿಡುತ್ತೆ. ಹುರಿ ಸಂಜೆ ಹೊತ್ತಿಗೆ ಒಂಚೂರು ಸಡಿಲ ಆದಾಗ ಲೈನ್ ಸರಿಯಾಗುತ್ತೆ, ಸೋಮವಾರ ನೀವು ಬಿಗಿದ ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತೆ.”

“ಗಾಜನ್ನ ನೂಲು ಮಾಡ್ತಾರಾ?” ಎಂದು ವೃಷಭೇಂದ್ರಪ್ಪ ಮೆಲ್ಲಗೆ ಕೇಳಿದರು.

ಅನಿಲ್ ಕುಮಾರ್ ಹುರಿ ಕತ್ತರಿಸಿ, ವೈರನ್ನು ತಟ್ಟೆಯಗಲದ ಸಡಿಲ ಸುತ್ತುಗಳಾಗಿ ಬಿಟ್ಟ. ಡಬ್ಬಿಯ ಹತ್ತಿರ ಒಂದು ಕಡೆ ನೂಲು ಬಿರುಕು ಬಿಟ್ಟಿರಬಹುದು, ಕತ್ತರಿಸಿ ಬೆಸೆಯಬೇಕು ಎಂದ. ಬೆಸೆಯುವ ಮೆಷಿನ್ ಇರುವವನು ಸೋಮವಾರ ಮಧ್ಯಾಹ್ನ ಬರುತ್ತಾನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿಹೋದ. ಪರೀಕ್ಷೆ ಸೋಮವಾರ ಬೆಳಿಗ್ಗೆ. ಎರಡು ದಿನ ಮುಂದೂಡಿ ಎಂದು ಅಕ್ಷಯಾ ಕಂಪನಿಗೆ ಬರೆದಳು. ಆ ಪದ್ಧತಿ ಇಲ್ಲವೆಂದು ಉತ್ತರ ಬಂತು.

ಸಂಜೆ ಅವಳು ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕದಲ್ಲಿ ನಿಂತಳು. “ಅತ್ತೆ, ನಾನು ಅಂದಿದ್ದು ತಪ್ಪಾಯ್ತು.”

ಮಹಾನಂದ ಹಿಟ್ಟು ನಾದುತ್ತಲೇ ಇದ್ದರು. “ನಂಗೆ ಅಂದಿದ್ದು ಬಿಡು, ಹೋಗ್ಲಿ. ಅವರನ್ನ ಮಾತ್ರ ಏನೂ ಅನ್ಬೇಡ. ಮಧ್ಯಾಹ್ನದಿಂದ ಬಾಯೇ ಬಿಟ್ಟಿಲ್ಲ. ಅಂಗಡಿ ಮುಚ್ಚಿದ ದಿನ ಹೀಗಿದ್ರು.”

ನಿಜವಾಗಿಯೂ ವೃಷಭೇಂದ್ರಪ್ಪ ಅಂದಿನಿಂದ ಮಾತು ಕಡಿಮೆ ಮಾಡಿದರು. ನಡುಮನೆಯ ತಮ್ಮ ಕುರ್ಚಿಯನ್ನು ಡಬ್ಬಿಯಿಂದ ದೂರ, ಬಾಗಿಲ ಬಳಿಗೆ ಎಳೆದುಕೊಂಡರು. ಸೊಸೆ ಬಂದರೆ ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿಯುತ್ತಿದ್ದರು. ತಪ್ಪಾಯಿತು ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಅಕ್ಷಯಾಳಿಗೆ ಅದರ ಬಗ್ಗೆ ಕೋಪವೂ ಇತ್ತು. ತನಗೆ ಎರಡು ನಿಮಿಷದಲ್ಲಿ ಅತ್ತೆಯ ಕ್ಷಮೆ ಕೇಳಲು ಆಯಿತು, ಇವರಿಗೇನು ಎಂದುಕೊಂಡಳು.

ಪರೀಕ್ಷೆಯ ಸೋಮವಾರ ಯಾರೂ ಧೂಳು ಹೊಡೆಯಲಿಲ್ಲ. ಪ್ರಭುದೇವ ಮಗಳನ್ನು ಶಾಲೆಗೆ ಬಿಟ್ಟು ಬ್ಯಾಂಕಿಗೆ ಹೋದ. ಒಂಬತ್ತೂ ಹತ್ತಕ್ಕೆ ಅಕ್ಷಯಾ ಒಂದು ಲೋಟ ನೀರು ಹಿಡಿದು ನಡುಮನೆಗೆ ಬಂದು ನೋಡಿದಳು. ಕೆಂಪು ದೀಪ.

“ಯಾರು ಮುಟ್ಟಿದ್ರು?”

“ಯಾರೂ ಮುಟ್ಟಿಲ್ವೇ” ಎಂದರು ಮಹಾನಂದ, ಅಳುವ ದನಿಯಲ್ಲಿ.

ಅನಿಲ್ ಕುಮಾರ್ ಫೋನಿನಲ್ಲಿ ಸಿಕ್ಕಿದ. ಅವನು ಕಲಾಸಿಪಾಳ್ಯದಲ್ಲಿ ಯಾವುದೋ ಕಂಬದ ಮೇಲಿದ್ದ. “ಬಿರುಕು ಬಾಯಿಬಿಟ್ಟಿರುತ್ತೆ ಮೇಡಂ. ಡಬ್ಬಿ ಹತ್ರ ವೈರ್‌ನ ಒಂಚೂರು ಮೇಲಕ್ಕೆತ್ತಿ ನೆಟ್ಟಗೆ ಹಿಡಿದು ನೋಡಿ.”

ಅವಳು ಹಿಡಿದಳು. ದೀಪ ಹಸಿರಾಯಿತು. ಬಿಟ್ಟಳು, ಕೆಂಪಾಯಿತು. ಟೇಪ್ ಅಂಟಿಸಿದಳು, ಕೆಂಪು. ಡಬ್ಬಿಯ ಕೆಳಗೆ ಪುಸ್ತಕ ಒತ್ತರಿಸಿದಳು, ಕೆಂಪು. ಒಂಬತ್ತೂ ಇಪ್ಪತ್ತಾಯಿತು. ಮಹಾನಂದ ಪ್ರಯತ್ನಿಸಿದರು, ಭುಜದ ನೋವಿಗೆ ಅವರ ಕೈ ಅಷ್ಟು ಎತ್ತರಕ್ಕೆ ಹೋಗಲೇ ಇಲ್ಲ.

ದೇವರ ಮನೆಯ ಬಾಗಿಲಲ್ಲಿ ವೃಷಭೇಂದ್ರಪ್ಪ ನಿಂತಿದ್ದರು. ಸ್ನಾನವಾಗಿತ್ತು, ವಿಭೂತಿ ಧರಿಸಿದ್ದರು, ಪೂಜೆಗೆ ಮಣೆ ಹಾಕಿತ್ತು.

“ಸರಿ, ನೀನು ಒಳಗೆ ಹೋಗು” ಎಂದು ಬಂದು, ಸೊಸೆಯ ಕೈಯಿಂದ ವೈರನ್ನು ತೆಗೆದುಕೊಂಡರು. ಬೆರಳುಗಳ ನಡುವೆ ಅದನ್ನು ಒಮ್ಮೆ ಹೊರಳಿಸಿ, ನೂಲು ಎಲ್ಲಿ ಸೋತಿದೆಯೆಂದು ತಡವಿ, ಎಡ ಅಂಗೈಯ ಮೇಲೆ ಎತ್ತಿ ಹಿಡಿದರು. ಹಸಿರು.

“ರೀ, ಪೂಜೆ ಆಗಿಲ್ಲ, ಏನೂ ತಿಂದಿಲ್ಲ. ಸಕ್ಕರೆ ಕಾಯಿಲೆ ಇಟ್ಕೊಂಡು…” ಎಂದರು ಮಹಾನಂದ.

“ಬಾಗಿಲು ಹಾಕ್ಕೊಳ್ಳಮ್ಮಾ, ಹೊತ್ತಾಯ್ತು” ಎಂದರು ಅವರು ಸೊಸೆಗೆ.

ಪರೀಕ್ಷೆ ಮುಕ್ಕಾಲು ಗಂಟೆ ನಡೆಯಿತು. ಒಬ್ಬ ಡಾಕ್ಟರಂತೆ, ಇನ್ನೊಬ್ಬಳು ರೋಗಿಯಂತೆ ಮಾತಾಡಿದರು. ಅಕ್ಷಯಾ ಪ್ರತಿ ವಾಕ್ಯ ಮುಗಿದಾಗಲೂ ಮುಂದಿನದು ಬರುತ್ತದೋ ಇಲ್ಲವೋ ಎಂದು ಉಸಿರು ಬಿಗಿಹಿಡಿದಳು. ಪ್ರತಿ ಸಲವೂ ಬಂತು. ಕೊನೆಗೆ ಪರೀಕ್ಷಕಿ ನಕ್ಕು, ಲೈನ್ ಚೆನ್ನಾಗಿದೆ, ಮುಂದುವರಿಯಿರಿ, ಹತ್ತೂವರೆಯಿಂದ ನಿಮಗೆ ಕರೆಗಳು ಬರುತ್ತವೆ ಎಂದಳು.

ಅವಳು ನಡುಮನೆಗೆ ಓಡಿಬಂದಳು. ವೃಷಭೇಂದ್ರಪ್ಪ ಬಿಟ್ಟ ಜಾಗದಲ್ಲೇ ನಿಂತಿದ್ದರು. ಮುಖವೆಲ್ಲ ಬೆವತು ವಿಭೂತಿ ಹುಬ್ಬಿಗೆ ಇಳಿದಿತ್ತು. ಎಡಗೈ ಬಲಗೈಯ ಆಸರೆಯಲ್ಲಿ ಸಣ್ಣಗೆ ನಡುಗುತ್ತಿತ್ತು, ಆದರೆ ಬೆರಳುಗಳು ಮಾತ್ರ ಅಲುಗಿರಲಿಲ್ಲ. ಪಕ್ಕದಲ್ಲಿ ಮಹಾನಂದ ಇಡ್ಲಿ ತಟ್ಟೆ ಹಿಡಿದು ನಿಂತಿದ್ದರು. ಪೂಜೆಯಾಗದೆ ಅವರು ತಿನ್ನುವುದಿಲ್ಲವೆಂದು ಗೊತ್ತಿದ್ದೂ ಹಿಡಿದಿದ್ದರು.

“ಮುಗೀತು ಮಾವ. ಒಂದ್ಸಲಾನೂ ಕಟ್ ಆಗ್ಲಿಲ್ಲ. ಕೆಲಸ ಉಳೀತು.”

ಅವರು ತಲೆಯಾಡಿಸಿದರು. ವೈರ್ ಬಿಡಲಿಲ್ಲ.

“ಇವತ್ತು ಕೆಲಸ ಎಷ್ಟು ಗಂಟೆವರೆಗೂ ಇದೆ?”

“ನಾಲ್ಕೂವರೆವರೆಗೂ. ಯಾಕೆ ಮಾವ?”

“ಹಾಗಾದ್ರೆ ಆ ಕುರ್ಚಿ ಈ ಕಡೆ ಎಳಿ. ನಿಂತ್ಕೊಂಡಿರೋಕೆ ಆಗಲ್ಲ.”

ಅಕ್ಷಯಾಳಿಗೆ ಕಣ್ಣು ತುಂಬಿಬಂತು. ಅವಳು ಕುರ್ಚಿ ಎಳೆಯಲಿಲ್ಲ. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ವೈರನ್ನು ಕೆಳಗಿಳಿಸಿದಳು. ದೀಪ ಕೆಂಪಾಯಿತು.

“ಅಯ್ಯೋ, ನಿನ್ನ ಕೆಲಸ…”

“ಇವತ್ತು ರಜೆ ಹಾಕ್ತೀನಿ” ಎಂದು ಅವಳು ಫೋನ್ ತೆಗೆದುಕೊಂಡಳು. “ನೀವು ಪೂಜೆಗೆ ಹೋಗಿ ಮಾವ. ಇಡ್ಲಿ ಬಿಸಿ ಮಾಡಿರ್ತೀನಿ.”